ಪ್ಲೈವುಡ್ ಚಿಮ್ನಿ

ಎಂಬತ್ತೈದರ ಬೇಸಿಗೆಯಲ್ಲಿ ಡಾಕ್ಟರ್ ಅಂಕಲ್ ಸ್ಯಾನ್ ರಮೋನ್ ಅನ್ನೋ ಅಮೆರಿಕನ್ ಊರಿನಲ್ಲಿ ಇಂಗ್ಲೆಂಡಿನ ಹಳೇ ಜಮೀನ್ದಾರರ ಬಂಗಲೆಯಂಥದ್ದೇ ಮನೆ ಕಟ್ಟಿಸಿದರು. ಅದಕ್ಕೆ ಬಣ್ಣ ಬಳಿದವನು ನಾನು. ಹೊರಗೋಡೆಯಲ್ಲಿ ಕಾಣುವ ತೊಲೆಗಳೆಲ್ಲ ಬರೀ ಅಂಟಿಸಿದ ತೆಳು ಹಲಗೆ. ಸೂರಿನ ಮೇಲಿನ ನಾಲ್ಕು ಚಿಮ್ನಿಯೂ ಪ್ಲೈವುಡ್ಡು. ಅದರ ಮೇಲೆ ಇಟ್ಟಿಗೆ ಗೆರೆ ಎಳೆದದ್ದೂ ನಾನೇ. ಅಂಕಲ್ ಏಣಿ ಹತ್ತಿ ನೋಡಿದವರೇ ಅಲ್ಲ.

ಗೃಹಪ್ರವೇಶದ ದಿನ ಪುರೋಹಿತರಿಗೆ ಹೇಳಿದರು: “ಹೋಮ ಫೈರ್‌ಪ್ಲೇಸಲ್ಲೇ ಮಾಡಿ ಸ್ವಾಮಿ, ಹೊಗೆ ಚಿಮ್ನೀಲಿ ಹೋಗುತ್ತೆ.”

“ಅಂಕಲ್, ಚಿಮ್ನಿಗೆ ತೂತೇ ಇಲ್ಲ,” ಅಂದೆ.

“ಹೈಸ್ಕೂಲೇ ಮುಗಿಸದವನು ನಂಗೆ ಆರ್ಕಿಟೆಕ್ಚರ್ ಹೇಳ್ಕೊಡ್ತೀಯೇನೋ?”

“ತಪ್ಪಾಯ್ತು ಅಂಕಲ್,” ಅಂತ ಪುರೋಹಿತರ ಕೈಗೆ ಇನ್ನೆರಡು ಸೌದೆ ಕೊಟ್ಟೆ.

ಪೂರ್ಣಾಹುತಿಗೆ ಮೊದಲೇ ನೆಂಟರು, ಪುರೋಹಿತರು, ಅಂಕಲ್ ಎಲ್ಲರೂ ಕೆಮ್ಮುತ್ತಾ ಲಾನಿಗೆ ಓಡಿದರು. ಅಲ್ಲಿಂದ ನೋಡಿದರೆ ಮನೆ ನಿಜಕ್ಕೂ ಚೆನ್ನಾಗಿತ್ತು. ಕಟ್ಟಿಸಿದ್ದೂ ಅಲ್ಲಿಂದ ನೋಡೋದಕ್ಕೇ ತಾನೇ?