‘ಮನಿಗೆ ಬರ್ರಿ’ ಅಂದದ್ದಕ್ಕೆ ಬಂದವರು

ನಮ್ಮ ಅಪ್ಪನಿಗೆ ಯಾವಾಗಲೂ ಕೇಳುವವರು ಬೇಕಾಗಿತ್ತು. ಊಟ ತಡವಾದರೂ ನಡೆಯುತ್ತಿತ್ತು, ಪೇಪರ್ ಬರದಿದ್ದರೂ ನಡೆಯುತ್ತಿತ್ತು, ಎದುರಿಗೆ ಕೂತು ಕೇಳಿ ನಗುವ ನಾಲ್ಕು ಮುಖ ಇಲ್ಲದಿದ್ದರೆ ಮಾತ್ರ ಹೊತ್ತು ಹೋಗುತ್ತಿರಲಿಲ್ಲ. ಪುಣೆಯ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಅವ್ವನ ಪ್ರಕಾರ ಅವನ ಖರೇ ನೌಕರಿ ಹರಟೆ ಹೊಡೆಯುವುದು. ಆಫೀಸು ಏನಿದ್ದರೂ ಬಿಡುವಿನ ವೇಳೆಯ ಹವ್ಯಾಸ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಆ ಮುಖಗಳಿಗೆ ಕೊರತೆಯಿರಲಿಲ್ಲ. ನವೆಂಬರ್ ಬಂತೆಂದರೆ ನಮ್ಮ ಭಾಗದ ಕನ್ನಡಿಗರೆಲ್ಲ ಸೇರಿ ಮದುವೆ ನಡೆಯುವ ಒಂದು ಮಂಗಲ ಕಾರ್ಯಾಲಯ ಹಿಡಿದು ರಾಜ್ಯೋತ್ಸವ ಮಾಡುತ್ತಿದ್ದರು. ಧಾರವಾಡ, ವಿಜಾಪುರದ ಕಡೆಯ ವ್ಯಾಪಾರಿಗಳು, ಗುಮಾಸ್ತರು, ಉಡುಪಿ ಕಡೆಯ ಹೋಟೆಲಿನವರು, ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬರುತ್ತಿದ್ದರು. ಕಾರ್ಯಕ್ರಮದ ನಟ್ಟನಡುವೆ ಅಪ್ಪನ ಹರಟೆ. ಮೈಕಿನ ಮುಂದೆ ನಿಂತು ಒಮ್ಮೆ ಕೆಮ್ಮಿದರೆ ಸಾಕು, ಜನ ನಗಲು ಶುರು ಮಾಡುತ್ತಿದ್ದರು.

ಅವನ ಹೆಸರುವಾಸಿ ಕತೆಯೆಂದರೆ ಕಾಯಿ ಕತೆ. ಹೊಸದಾಗಿ ಪುಣೆಗೆ ಬಂದಾಗ ಪೂಜೆಗೆ ತೆಂಗಿನಕಾಯಿ ತರಲು ಅಂಗಡಿಗೆ ಹೋದನಂತೆ. ಅಂಗಡಿಯವ “ಕಾಯ್ ಪಾಹಿಜೆ?” ಅಂದ. ಮರಾಠಿಯಲ್ಲಿ ಅದು ‘ಏನು ಬೇಕು?’ ಅಪ್ಪನಿಗೆ ಕೇಳಿಸಿದ್ದು ಕಾಯಿ. ಎಂಥಾ ಚುರುಕು ಮನುಷ್ಯ, ಬಾಯಿ ಬಿಡುವ ಮೊದಲೇ ತಿಳಿದುಕೊಂಡನಲ್ಲ ಅಂತ ಸಂತೋಷಪಟ್ಟು “ಹೌದ್ರಿ, ಕಾಯಿ ಪಾಹಿಜೆ” ಅಂದ. “ಕಾಯ್?” “ಕಾಯಿ!” “ಅಹೋ, ಕಾಯ್?” “ಅಹೋ, ಕಾಯಿ!” ಪುಣೆಯ ಅಂಗಡಿಯವರಿಗೆ ಗಿರಾಕಿಗಳೆಂದರೆ ಮೊದಲೇ ಅಷ್ಟಕ್ಕಷ್ಟೆ. ಇವನು ತನ್ನನ್ನು ಅಣಕಿಸುತ್ತಿದ್ದಾನೆ ಅಂತ ಅವನು ಕೆಂಡಾಮಂಡಲವಾದ. ಕೊನೆಗೆ ಅಪ್ಪ ಕಾಯಿಯ ರಾಶಿಯತ್ತ ಬೆರಳು ತೋರಿಸಿದಾಗ “ನಾರಳ್ ಮ್ಹಣಾ ನಾ, ನಾರಳ್!” ಅಂತ ಗುಡುಗಿದ. ತೆಂಗಿನಕಾಯಿಗೆ ಅವರು ಅನ್ನುವುದು ಹಾಗೆ. ಅಪ್ಪ ಎರಡೂ ಕೈ ಮುಗಿದು, “ನಾ ನರಳಾಕ ಬಂದಿಲ್ರಿ, ಪೂಜಾಕ್ಕ ಬಂದೇನಿ” ಅಂದನಂತೆ.

ಇಷ್ಟಕ್ಕೆ ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಪ್ರತಿ ವರ್ಷ. ಅದೇ ಕತೆಗೆ. ನಾನು ಮುಂದಿನ ಸಾಲಿನಲ್ಲಿ ಕೂತು, ಇವನು ನಮ್ಮಪ್ಪ ಅಂತ ಹೆಮ್ಮೆಯಿಂದ ಉಬ್ಬುತ್ತಿದ್ದೆ.

ವರ್ಷ ಕಳೆದ ಹಾಗೆ ಮಕ್ಕಳು ದೊಡ್ಡವರಾದರು. ಅವರಿಗೆ ಮರಾಠಿ ಹೆಚ್ಚು ಹತ್ತಿರವಾಯಿತು, ಸಿನಿಮಾ ಹಾಡಿನ ಕುಣಿತ ಬೇಕಾಯಿತು. ಅಪ್ಪನ ಹರಟೆ ನಡುವಿನಿಂದ ಜಾರುತ್ತ ಜಾರುತ್ತ ಕಾರ್ಯಕ್ರಮದ ತುದಿಗೆ ಬಂತು. ಒಂದು ವರ್ಷ ಅವನು “ಅಹೋ, ಕಾಯ್?” ಅನ್ನುವ ಹೊತ್ತಿಗೆ ಪಕ್ಕದ ಕೋಣೆಯಿಂದ ಕೇಸರಿಭಾತಿನ ವಾಸನೆ ಬಂತು. ಜನ ಎದ್ದರು. ಒಬ್ಬರ ಹಿಂದೆ ಒಬ್ಬರು, ಕುರ್ಚಿ ಸರಿಸಿಕೊಂಡು, ನಗುನಗುತ್ತಲೇ ಊಟಕ್ಕೆ ಹೋದರು. ಅಪ್ಪ ಅರ್ಧಕ್ಕೆ ನಿಲ್ಲಿಸಿ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಇಳಿದುಬಂದ. “ಕೇಸರಿಭಾತಿನ ಮುಂದ ನಾ ಯಾವ ಗಿಡದ ತೊಪ್ಪಲ?” ಅಂತ ಚೇಷ್ಟೆ ಮಾಡಿದ. ಆದರೆ ಆಮೇಲೆ ಯಾರು ಕರೆದರೂ ಹರಟೆಗೆ ನಿಲ್ಲಲಿಲ್ಲ. ಮನೆಯಲ್ಲೂ ಕಾಯಿ ಕತೆ ಹೇಳುವುದನ್ನು ಬಿಟ್ಟ. ಅದರಿಂದ ನನಗೆ ಭಾಳ ಸಂಕಟವಾಯಿತು.

ಎರಡು ಸಾವಿರದ ಮೊದಲ ದಶಕ ಮುಗಿಯುತ್ತ ಬಂದಾಗ ನಮ್ಮ ಮನೆಗೆ ಕಂಪ್ಯೂಟರ್ ಬಂತು, ಇಂಟರ್ನೆಟ್ ಬಂತು. ಜನ ತಮ್ಮ ವಿಡಿಯೋಗಳನ್ನು ತಾವೇ ಹಾಕಿ ಜಗತ್ತಿಗೆ ತೋರಿಸಬಹುದು ಅನ್ನುವುದು ಗೊತ್ತಾದ ದಿನವೇ ನಾನು ಅಪ್ಪನ ಬೆನ್ನು ಹತ್ತಿದೆ. ನಿವೃತ್ತನಾಗಿ ಮನೆಯಲ್ಲಿ ಕೂತವನು ಮೊದಲು ಒಪ್ಪಲಿಲ್ಲ.

“ಕೇಳಾವ್ರ ಮಾರಿ ಕಾಣಬೇಕವಾ. ಮಾರಿ ಕಾಣದ ಯಾರಿಗೆ ಹೇಳೂದು? ಗ್ವಾಡಿಗೇನು?” ಅಂದ.

“ಗ್ವಾಡಿ ಎದ್ದು ಊಟಕ್ಕರೆ ಹೋಗೂದಿಲ್ಲಪ್ಪಾ” ಅಂದೆ. ಬಾಯಿಯೇನೋ ನನಗೂ ಅವನಿಂದಲೇ ಬಂದದ್ದು. ಅವನು ನಕ್ಕ. ಒಪ್ಪಿಕೊಂಡ.

ಆಫೀಸಿನ ಗೆಳತಿಯಿಂದ ಸಣ್ಣ ಕ್ಯಾಮೆರಾ ಕಡ ತಂದು ಹೊಲಿಗೆ ಮಷಿನ್ನಿನ ಮೇಲೆ ಇಟ್ಟೆ. ಅಪ್ಪ ಕಪಾಟಿನ ಮುಂದೆ ನಿಂತು “ಸಭಿಕರೇ” ಅಂತ ಶುರುಮಾಡಿದ. ಪಾಸ್‌ಪೋರ್ಟ್ ಫೋಟೋ ಮಾತಾಡಿದ ಹಾಗಿತ್ತು. ಅದನ್ನು ಹಾಕುವುದಕ್ಕೇ ಒಂದು ಮಧ್ಯಾಹ್ನ ಹೋಯಿತು. ಮರುದಿನ ನೋಡಿದರೆ ನೋಡಿದವರ ಲೆಕ್ಕ ಏರಿತ್ತು! ಕುಣಿದಾಡಿದೆವು. ಆಮೇಲೆ ತಿಳಿಯಿತು, ಅವ್ವ ಬಿಟ್ಟು ನಾವಿಬ್ಬರೇ ಮತ್ತೆ ಮತ್ತೆ ತೆರೆದು ನೋಡಿದ್ದೆವು. “ನಮ್ಮ ಬೆನ್ನ ನಾವ ಚಪ್ಪರಿಸಿಕೊಂಡಂಗಾತು” ಅಂದ ಅಪ್ಪ.

ಜನರನ್ನು ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ಬಂಧುಬಳಗಕ್ಕೆಲ್ಲ ಇ-ಮೇಲ್ ಕಳಿಸಿದೆ. ನಾವು ಇಡ್ಲಿ ತಿನ್ನಲು ಹೋಗುತ್ತಿದ್ದ ಹೋಟೆಲಿನ ಮಾಲೀಕರಿಗೆ ದುಂಬಾಲು ಬಿದ್ದು ಗಲ್ಲಾದ ಪಕ್ಕ ಒಂದು ಚೀಟಿ ಅಂಟಿಸಿದೆ. ಮೇಲಿನ ಮನೆಗೆ ಬಾಡಿಗೆಗೆ ಬಂದಿದ್ದ ಬೆಂಗಳೂರಿನ ಹುಡುಗಿ, ಐಟಿಯವಳು, ಬಂದು ನೋಡಿ ಬುದ್ಧಿ ಹೇಳಿದಳು: “ಅಂಕಲ್, ಇಷ್ಟು ಉದ್ದ ಇದ್ರೆ ಯಾರೂ ನೋಡಲ್ಲ. ಶಾರ್ಟಾಗಿ ಮಾಡಿ. ಟೈಟಲ್ ಇಂಗ್ಲಿಷ್ ಅಕ್ಷರದಲ್ಲೂ ಹಾಕಿ, ಸರ್ಚ್ ಮಾಡಿದ್ರೆ ಸಿಗತ್ತೆ. ಮತ್ತೆ ಪ್ಲೀಸ್, ಸ್ವಲ್ಪ ನ್ಯಾಚುರಲ್ ಆಗಿರಿ.”

“ನಾ ಹುಟ್ಟಿದಾಗಿಂದ ನ್ಯಾಚುರಲ್ಲೇ ಅದೇನವಾ” ಅಂದ ಅಪ್ಪ, ಸ್ವಲ್ಪ ನೊಂದುಕೊಂಡು.

ನಿಜವಾಗಿ ಅವನನ್ನು ನ್ಯಾಚುರಲ್ ಮಾಡಿದವಳು ಅವ್ವ. ಎರಡನೇ ಸಲ ಕಾಯಿ ಕತೆ ಹೇಳುತ್ತಿರುವಾಗ, ನಾರಳಿನ ತನಕ ಬಂದಿದ್ದ, ಒಳಗಿನಿಂದ ಅವಳ ದನಿ ಕೇಳಿತು: “ಸುಳ್ಳ ಹೇಳಬ್ಯಾಡ್ರಿ. ಕಾಯಿ ತಂದಾಕಿ ನಾನು. ನೀವು ಖಾಲಿ ಕೈಲೆ ಬಂದು ‘ಈ ಊರಾಗ ಕಾಯಿ ಸಿಗೂದಿಲ್ಲ’ ಅಂದ್ರಿ.”

ಅಪ್ಪ ಕ್ಯಾಮೆರಾ ಮರೆತು ಅಡುಗೆಮನೆಯತ್ತ ತಿರುಗಿದ. “ಅಂಗಡ್ಯಾಗ ನೀ ಇದ್ದೇನು?”

“ಮನ್ಯಾಗ ಇದ್ದೆ. ದೇವರ ಮುಂದ ಕಾಯಿ ಇಲ್ಲದ ಕೂತಿದ್ದೆ!” ಅಂದಳು ಅವ್ವ. ಅವಳ ಪರವಾಗಿ ಕುಕ್ಕರ್ ಸೀಟಿ ಹೊಡೆಯಿತು.

ಅದನ್ನು ಹಾಗೇ ಹಾಕಿದೆ. ಅಪ್ಪ ಬೇಡ ಬೇಡ ಅಂದರೂ ಕೇಳಲಿಲ್ಲ. ಒಂದು ವಾರದಲ್ಲಿ ನಮಗೆ ಗೊತ್ತೇ ಇಲ್ಲದ ಜನ ನೋಡಿ ಕೆಳಗೆ ಬರೆಯತೊಡಗಿದರು. ಸೊಲ್ಲಾಪುರದಿಂದ, ಬೆಳಗಾವಿಯಿಂದ, ದುಬೈಯಿಂದ. “ಒಳಗಿನ ಬಾಯಾರು ಯಾರ್ರಿ? ಅವರಿಗೂ ಮಾತಾಡಾಕ ಬಿಡ್ರಿ” ಅಂತ ಒಬ್ಬರು. “ಖರೇ ಹೇಳ್ರಿ, ಕಾಯಿ ಯಾರು ತಂದ್ರು?” ಅಂತ ಇನ್ನೊಬ್ಬರು. ಅಂದಿನಿಂದ ಪ್ರತಿ ವಿಡಿಯೋದಲ್ಲೂ ಅಪ್ಪ ಹೇಳುವುದು, ಅವ್ವ ಒಳಗಿನಿಂದ ತಿದ್ದುವುದು. ಅವಳ ಮುಖ ಒಮ್ಮೆಯೂ ಕಾಣಲಿಲ್ಲ, ಜನ ಕಾಯುತ್ತಿದ್ದದ್ದು ಅವಳ ದನಿಗೇ. ನಾನು ದಿನಾ ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕಂಪ್ಯೂಟರ್ ಹಚ್ಚುತ್ತಿದ್ದೆ. ಅಷ್ಟು ಸಂಭ್ರಮ ನನಗೆ ಪಗಾರದ ದಿನವೂ ಆದದ್ದಿಲ್ಲ.

ಅಪ್ಪನಿಗೆ ಮಾತ್ರ ಪೂರಾ ಸಮಾಧಾನವಿರಲಿಲ್ಲ. ಇಷ್ಟು ಜನ ನೋಡಿದ್ದಾರೆ ನೋಡು ಅಂತ ತೋರಿಸಿದರೆ ಕನ್ನಡಕ ಏರಿಸಿ ನೋಡಿ, “ಛಲೋ ಆತು” ಅನ್ನುವನು. ಆಮೇಲೆ ಮೆಲ್ಲಗೆ, “ನಕ್ಕರೋ ಇಲ್ಲೋ, ಹ್ಯಾಂಗ ತಿಳೀಬೇಕು?” ಅನ್ನುವನು.

ಪ್ರತಿ ವಿಡಿಯೋದ ಕೊನೆಗೆ ಅವನು ಕೈ ಮುಗಿದು “ಮನಿಗೆ ಬರ್ರಿ” ಅನ್ನುತ್ತಿದ್ದ. ನಮ್ಮ ಕಡೆ ಅದು ಕರೆಯಲ್ಲ, ಮಾತು ಮುಗಿಯಿತು ಅನ್ನುವುದರ ಗುರುತು. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಇಳಿಯುವಾಗ ಅನ್ನುತ್ತೇವೆ. ಅದಕ್ಕೆ ಎದುರಿನವರು “ಬರ್ತೇವ್ರಿ, ನೀವೂ ಬರ್ರಿ” ಅನ್ನಬೇಕು. ಆಮೇಲೆ ಇಬ್ಬರೂ ಹೋಗಬಾರದು. ಆದರೆ ಯಾರೋ ಕೆಳಗೆ “ಯಾವಾಗ ಬರೂಣ್ರಿ?” ಅಂತ ಕೇಳಿದರು. ಅಪ್ಪ ನನಗೆ ಉತ್ತರ ಬರೆಯಲು ಹೇಳಿದ: ಐತವಾರ ಮನೆಯಲ್ಲಿರುತ್ತೇವೆ, ಸ್ವಾರಗೇಟಿನಲ್ಲಿ ಬಸ್ಸಿಳಿದು ಹೀಗೆ ಹೀಗೆ ಬನ್ನಿ.

“ಅಪ್ಪಾ, ಮನೀ ಹಾದಿ ಜಗತ್ತಿಗೆಲ್ಲಾ ಹೇಳತಾರೇನು?” ಅಂತ ಬೈದೆ.

“ಬರ್ರಿ ಅಂದು ಹಾದಿ ಹೇಳಲಿಲ್ಲಂದ್ರ ಅದು ಕರದಂಗೇನವಾ? ಬರ್ಕೋ. ಯಾರೇನು ಬರಾವ್ರಲ್ಲ.”

ಬಂದರು. ಮುಂದಿನ ಐತವಾರ ಬೆಳಗ್ಗೆ ಬೆಲ್ ಆಯಿತು. ತೆರೆದರೆ ಒಬ್ಬ ಗಂಡಸು ಹೆಗಲ ಮೇಲೆ ಕಬ್ಬಿನ ಕಟ್ಟು ಹೊತ್ತು ನಿಂತಿದ್ದರು. ಹಿಂದೆ ಅವರ ಹೆಂಡತಿ. ಇಂದಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವರು, ಮೂಲ ವಿಜಾಪುರದ ಕಡೆಯವರು. ಸೈಬರ್ ಕೆಫೆಯಲ್ಲಿ ಒಂದೇ ಹೆಡ್‌ಫೋನನ್ನು ಇಬ್ಬರೂ ಒಂದೊಂದು ಕಿವಿಗೆ ಹಿಡಿದುಕೊಂಡು ನಮ್ಮ ವಿಡಿಯೋ ನೋಡುತ್ತಿದ್ದರಂತೆ. ಅವರು ಕೂತು ನೀರು ಕುಡಿಯುವಷ್ಟರಲ್ಲಿ ಪಿಂಪ್ರಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮೂವರು ಗೆಳೆಯರು ಲೋಕಲ್ ಟ್ರೇನ್ ಹಿಡಿದು ಬಂದರು. ಚಪ್ಪಲಿಗಳು ಬಾಗಿಲಿನಿಂದ ಮೆಟ್ಟಿಲಿಗೆ ಇಳಿದವು. ಎಲ್ಲರದೂ ಒಂದೇ ಮೊದಲ ಪ್ರಶ್ನೆ: “ಬಾಯಾರು ಎಲ್ಲಿದಾರ್ರಿ?”

ಬಾಯಾರು ಅಡುಗೆಮನೆಯಲ್ಲಿ ಅವಲಕ್ಕಿಯ ಡಬ್ಬಿ ಬೋರಲು ಹಾಕುತ್ತಿದ್ದರು. “ಬರ್ರಿ ಅಂದ್ರ ಬಂದಬಿಡ್ತಾರೇನವಾ ಮಂದಿ!” ಅಂತ ನನ್ನ ಕಿವಿಯಲ್ಲಿ ಬುಸುಗುಟ್ಟಿದಳು. ಮುಖ ಮಾತ್ರ ಹಬ್ಬದ ದಿನದ ಹಾಗೆ ಬೆಳಗುತ್ತಿತ್ತು.

ಅಪ್ಪ ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಎಷ್ಟೋ ವರ್ಷಗಳ ಮೇಲೆ ಎದುರಿಗೆ ಮುಖಗಳು. ನಾನು ಕ್ಯಾಮೆರಾ ಅವನತ್ತ ಹಿಡಿದೆ. ಅವನು ಒಮ್ಮೆ ಕೆಮ್ಮಿ, ಕಾಯಿ ಕತೆ ಎತ್ತಿಕೊಂಡ. “ಅಂಗಡ್ಯಾವ ಅಂದ...”

“ಕಾಯ್ ಪಾಹಿಜೆ!” ಅಂದರು ಪಿಂಪ್ರಿಯ ಮೂವರೂ ಒಟ್ಟಿಗೆ.

ಅಪ್ಪ ನಕ್ಕು ಮುಂದುವರಿದ. ಅವರೂ ಮುಂದುವರಿದರು. ಅವನು “ಅಹೋ” ಅನ್ನುವ ಮೊದಲೇ ಅವರು “ಅಹೋ” ಅನ್ನುತ್ತಿದ್ದರು. ಪ್ರೀತಿಯಿಂದಲೇ, ದೇವರ ಪದ ಹೇಳುವಷ್ಟು ಭಕ್ತಿಯಿಂದ. ಅವನು ಕೈ ಮುಗಿಯುವ ಮುಂಚೆಯೇ ಐದೂ ಜನ ಕೈ ಮುಗಿದು “ನಾ ನರಳಾಕ ಬಂದಿಲ್ರಿ” ಅಂದುಬಿಟ್ಟರು. ನಗೆ ಎದ್ದಿತು. ಅಪ್ಪನ ಬಾಯಿ ಅರ್ಧ ತೆರೆದು ಹಾಗೇ ನಿಂತಿತು. ಇನ್ನೊಂದು ಕತೆ ಶುರುಮಾಡಿದ. ಅದೂ ಅವರಿಗೆ ಗೊತ್ತಿತ್ತು. ಮತ್ತೊಂದು, ಅದೂ. ಎಲ್ಲವನ್ನೂ ನಾನೇ ಹಾಕಿದ್ದೆನಲ್ಲ. ಅವನು ಮೆಲ್ಲಗೆ ಕುರ್ಚಿಯಲ್ಲಿ ಕೂತ. ಇಷ್ಟೆಲ್ಲ ಮಾಡಿ ಮುಖಗಳನ್ನು ಮನೆಗೇ ತಂದರೆ, ಹೇಳಲು ಇವನ ಹತ್ತಿರ ಏನೂ ಉಳಿಯಲಿಲ್ಲವಲ್ಲ ಅನಿಸಿತು.

ಆಗ ಇಂದಾಪುರದ ಹೆಣ್ಣುಮಗಳು, ಬಂದಾಗಿನಿಂದ ಎಲ್ಲರ ದನಿಗೆ ದನಿಗೂಡಿಸಿದ್ದು ಬಿಟ್ಟರೆ ತಾವಾಗಿ ಮಾತಾಡದವರು, ಸೆರಗು ಸರಿಮಾಡಿಕೊಂಡು, “ನಂದೂ ಒಂದು ಕಾಯಿ ಕತಿ ಅದರಿ. ಹೇಳಲೇನ್ರಿ?” ಅಂದರು.

ಮದುವೆಯಾಗಿ ಇಂದಾಪುರಕ್ಕೆ ಬಂದಾಗ ಅವರಿಗೆ ಮರಾಠಿಯ ಗಂಧವಿರಲಿಲ್ಲ. ಪಕ್ಕದ ಮನೆಯ ಮುದುಕಿ ದಿನಾ ಬೆಳಗ್ಗೆ ಇವರನ್ನು ಕಂಡು “ಕಾಯ್ ಹಾಲ್?” ಅನ್ನುತ್ತಿದ್ದರಂತೆ. ಹೇಗಿದ್ದೀ ಅಂತ ಅದರರ್ಥ. ಇವರಿಗೆ ಕೇಳಿಸಿದ್ದು ಕಾಯಿಹಾಲು. “ಹಿರೀ ಜೀವ, ಬಾಯಾಗ ಹಲ್ಲಿಲ್ಲ, ಪಾಪ ಆಸೆಪಟ್ಟು ಕೇಳ್ಯಾರ ಅಂತ ಕಾಯಿ ತುರದು, ಹಿಂಡಿ, ಬೆಲ್ಲಾ ಹಾಕಿ ಒಂದು ವಾಟೆ ಒಯ್ದು ಕೊಟ್ಟೆರಿ.”

“ಆಮ್ಯಾಲೆ?” ಅಂದ ಅಪ್ಪ. ಅವನು ಕುರ್ಚಿಯ ತುದಿಗೆ ಬಂದಿದ್ದ.

“ಮರುದಿನಾ ಮತ್ತ ‘ಕಾಯ್ ಹಾಲ್?’ ಅಂದ್ರು. ಮತ್ತ ಕೊಟ್ಟೆ. ದಿನಾ ಅದ ಆತ್ರಿ. ಇವರು ಅಂಗಡಿಯಿಂದ ಬಂದು, ಕಾಯಿ ಎಲ್ಲಿ ಹೋಗ್ತಾವು ಅಂತ ತೆಲಿ ಕೆಡಸ್ಕೊಂಡ್ರು.”

ಅಪ್ಪ ನನ್ನತ್ತ ಕೈ ಬೀಸಿ, “ನನ್ನ ಮಾರಿ ಏನ ಹಿಡೀತಿ? ಅತ್ತ ತಿರಗಸು, ಆಕಿ ಕಡೆ!” ಅಂತ ಗದರಿಸಿದ. ತಿರುಗಿಸಿದೆ. ಅಷ್ಟರಲ್ಲಿ ಅವ್ವ ಒಗ್ಗರಣೆಯ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದಳು.

“ಕಡೀಕ ಇವರು ನನಗ ಅರ್ಥ ಹೇಳಿಕೊಟ್ರು. ಮರುದಿನಾ ಆಕಿ ‘ಕಾಯ್ ಹಾಲ್?’ ಅಂದಕೂಡ್ಲೆ ಜಂಬದಿಂದ ‘ಬರಂ ಆಹೇ’ ಅಂದೆ. ಆರಾಮದೇನಿ ಅಂತ. ಮುದುಕಿ ಮಾರಿ ಸಣ್ಣದಾತು. ಖಾಲಿ ವಾಟೆ ಮುಂದ ಹಿಡದು, ‘ಬರಂ ಆಹೇ ತೇ ಠೀಕ್, ಹಾಲು ಕುಠೇ?’ ಅಂದ್ರರಿ. ನೀ ಆರಾಮದೀ ಅದು ಇರಲಿ, ನನ್ನ ಹಾಲೆಲ್ಲಿ!”

ಅಪ್ಪ ನಕ್ಕ. ಜನರನ್ನು ನಗಿಸುತ್ತಿದ್ದವನು ತಾನೇ ಹಾಗೆ ನಕ್ಕಿದ್ದನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ. ಕನ್ನಡಕ ತೆಗೆದು, ತೊಡೆ ತಟ್ಟಿ, ಉಸಿರು ಸಿಗದೆ, ಕಣ್ಣೊರೆಸಿಕೊಂಡು, ಮತ್ತೆ ನಕ್ಕ. “ನನ್ನದಕ್ಕಿಂತ ಛಲೋ ಅದ ನಿಮ್ಮದು” ಅಂತ ಬಾಯಿಬಿಟ್ಟು ಹೇಳಿದ. ಆಮೇಲೆ ಪಿಂಪ್ರಿಯವರ ಕಡೆ ತಿರುಗಿ, “ನಿಮ್ಮದು ಹೇಳ್ರಿ ಈಗ, ಒಬ್ಬೊಬ್ಬರ ಬರ್ರಿ” ಅಂದ. ಅವಲಕ್ಕಿ ತಟ್ಟೆಯಲ್ಲೇ ಆರಿತು. ಯಾರೂ ಏಳಲಿಲ್ಲ. ಅವ್ವ ಸೌಟು ಹಿಡಿದು ನಿಂತಲ್ಲೇ ನಿಂತಿದ್ದಳು; ಅವಳು ಕತೆ ಹೇಳುವವರನ್ನು ನೋಡುತ್ತಿರಲಿಲ್ಲ, ಅಪ್ಪನನ್ನು ನೋಡುತ್ತಿದ್ದಳು.

ನಾವು ಹಾಕಿದ್ದರಲ್ಲೆಲ್ಲ ಹೆಚ್ಚು ಜನ ನೋಡಿದ್ದು ಆ ದಿನದ್ದನ್ನೇ. ಕ್ಯಾಮೆರಾ ಅತ್ತ ತಿರುಗಿದ ಮೇಲೆ ಅದರಲ್ಲಿ ಅಪ್ಪ ಒಂದು ಚೂರೂ ಕಾಣುವುದಿಲ್ಲ, ಅವನ ನಗು ಮಾತ್ರ ಕೊನೆಯವರೆಗೆ ಕೇಳುತ್ತದೆ.