ಪುಸ್ತಕದಲ್ಲಿ ಇಲ್ಲದ ಹುಡುಗ

ಇಪ್ಪತ್ನಾಲ್ಕು ವರ್ಷದ ಗಂಡಸು, ಮದುವೆ ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡಿ ಹೊಟ್ಟೆ ಹೊರೆಯುವವನು, ಹೆಗಲ ಮೇಲೆ ಅಕ್ಕನ ಮಗುವನ್ನೂ ಕೈಯಲ್ಲಿ ಹನ್ನೆರಡು ವರ್ಷದ ಹುಡುಗಿಯರು ಓದುವ ಇಂಗ್ಲಿಷ್ ಪುಸ್ತಕವನ್ನೂ ಹಿಡಿದು ಜಗಲಿ ಮೇಲೆ ಕೂತರೆ ಚನ್ನಪಟ್ಟಣದ ನಮ್ಮ ಬೀದಿ ಸುಮ್ಮನಿರುತ್ತದೆಯೇ? ಹಾಲಿನವನು ದಿನಾ ಗಾಡಿ ನಿಲ್ಲಿಸಿ, "ಏನ್ಲಾ, ಬಾಣಂತನ ಹೆಂಗೈತೆ?" ಅಂತ ವಿಚಾರಿಸಿಕೊಂಡೇ ಮುಂದಕ್ಕೆ ಹೋಗುತ್ತಿದ್ದ. ನಾನು ಅವನದೇ ಗೊಗ್ಗರು ದನಿ ತೆಗೆದು, ಅವನು ಹಾಲಿಗೆ ನೀರು ಬೆರೆಸುವಾಗ ದೇವರ ಹತ್ತಿರ ಕ್ಷಮೆ ಕೇಳುವ ಹಾಗೆ ಎರಡು ಮಾತು ಬಿಡುತ್ತಿದ್ದೆ. ಮಗು ನಗುತ್ತಿತ್ತು. ಹಾಲಿನವನು ನಗುತ್ತಿರಲಿಲ್ಲ.

ಮಗು ನನ್ನ ಹೆಗಲಿಗೆ ಬಂದದ್ದು ಬೇರೆ ಹೆಗಲು ಸಿಗದೆ. ಅಕ್ಕನಿಗೆ ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಹೆರಿಗೆ ರಜೆ ಮುಗಿದ ಮೇಲೆ, ಬೆಳಿಗ್ಗೆ ಆರಕ್ಕೆ ಕಂಪನಿ ವ್ಯಾನು ಹತ್ತಿದರೆ ಇಳಿಯುವುದು ಸಂಜೆ ಆರೂವರೆಗೆ. ಭಾವ ಲಾರಿ ಡ್ರೈವರು, ಹತ್ತು ದಿನಕ್ಕೊಮ್ಮೆ ಮುಖ ತೋರಿಸುತ್ತಾರೆ. ಅವರಮ್ಮನನ್ನು ಕರೆದರೆ, ರೇಷ್ಮೆ ಹುಳ ಪೊರೆ ಬಿಡೋ ನಾಲ್ಕನೇ ಜ್ವರಕ್ಕೆ ಕೂತಿವೆ, ಬಿಟ್ಟು ಹೆಂಗೆ ಬರೋದು ಅನ್ನುತ್ತಾರೆ. ಅವರ ಮರಳವಾಡಿಯ ಹುಳಗಳಿಗೆ ವರ್ಷವಿಡೀ ನಾಲ್ಕನೇ ಜ್ವರ. ನಮ್ಮಮ್ಮನಿಗೆ ಸೊಂಟ ನೋವು, ಬಗ್ಗಿದರೆ ಏಳಿಸಲು ಇಬ್ಬರು ಬೇಕು. ಕೊನೆಗೆ ಉಳಿದವನು ಹಗಲೆಲ್ಲ ಮಲಗಿರುತ್ತಾನೆ ಎಂದು ಹೆಸರಾದ ನಾನು.

ಎರಡು ತಿಂಗಳು ಹೇಗೋ ನಡೆಯಿತು. ಇನ್ನು ಹತ್ತು ದಿನಕ್ಕೆ ಮದುವೆಗಳು ಶುರು. ಮಾಗಡಿ, ಕನಕಪುರ ಅಂತ ದಿನಕ್ಕೊಂದು ಊರು. ನಾನು ಹೊರಟರೆ ಮಗುವನ್ನು ನೋಡುವವರಿಲ್ಲ, ನೋಡುವವರಿಲ್ಲದಿದ್ದರೆ ಅಕ್ಕ ಕೆಲಸ ಬಿಡಬೇಕು. ಬಿಡುತ್ತೇನೆಂದು ಅವಳು ಬಾಯಲ್ಲಿ ಹೇಳಲಿಲ್ಲ. ಒಂದು ಸಂಜೆ ಕಂಪನಿಯ ಎರಡು ನೀಲಿ ಕೋಟುಗಳಲ್ಲಿ ಒಂದನ್ನು ಒಗೆದು, ಮಡಿಸಿ, ಪೆಟ್ಟಿಗೆಯ ತಳಕ್ಕೆ ಇಟ್ಟಳು.

ತಮಾಷೆಯೆಂದರೆ ಇದಕ್ಕೆ ಪರಿಹಾರ ನಮ್ಮ ಚರಂಡಿಯ ಆಚೆ ದಡದಲ್ಲೇ ಇತ್ತು. ಎದುರು ಮನೆ ಆಪಾ, ಅಕ್ಕನ ಓರಗೆಯವಳು, ಬೀದಿಯ ಐದಾರು ಮಕ್ಕಳನ್ನು ದಿನವಿಡೀ ನೋಡಿಕೊಳ್ಳುತ್ತಾಳೆ. ಗಾರ್ಮೆಂಟ್ಸಿಗೆ ಹೋಗುವವರು, ನೂಲು ಬಿಚ್ಚಲು ಹೋಗುವವರು, ಎಲ್ಲರ ಮಕ್ಕಳೂ ಅಲ್ಲೇ. ನಮ್ಮದೊಂದು ಮಾತ್ರ ಇಲ್ಲ. ಕಾರಣ, ಅಕ್ಕನೂ ಆಪಾಳೂ ಮಾತಾಡಿ ಹದಿನೆಂಟು ವರ್ಷ. ಪೂರ್ತಿ ಮಾತು ಬಿಟ್ಟಿದ್ದಾರೆ ಅಂತಲೂ ಇಲ್ಲ. ನಲ್ಲಿಯಲ್ಲಿ ನೀರು ಬಂತಾ, ಊಟ ಆಯ್ತಾ, ಇಷ್ಟು ಉಂಟು. ಹಬ್ಬಕ್ಕೆ ಒಬ್ಬಟ್ಟು ಆಚೆ ಹೋಗುತ್ತದೆ, ಈದಿಗೆ ಶೀರ್‌ಖುರ್ಮಾ ಈಚೆ ಬರುತ್ತದೆ. ಎರಡನ್ನೂ ಹೊತ್ತು ಚರಂಡಿ ದಾಟುವವನು ನಾನು. ಆ ಹೊಸ್ತಿಲನ್ನು ಇವಳು ತುಳಿದಿಲ್ಲ, ಈ ಹೊಸ್ತಿಲನ್ನು ಅವಳು ತುಳಿದಿಲ್ಲ.

ಪುಸ್ತಕಗಳ ವಿಷಯಕ್ಕೆ ಬರುತ್ತೇನೆ. ನಮ್ಮಪ್ಪ ಮರದ ಗೊಂಬೆಗೆ ಅರಗು ಬಣ್ಣ ಹಚ್ಚುವವರು. ಗೊಂಬೆ ಸುತ್ತಿ ಕಳಿಸಲು ಬೆಂಗಳೂರಿನಿಂದ ರದ್ದಿ ಪೇಪರು ಮೂಟೆಯಲ್ಲಿ ಬರುತ್ತಿತ್ತು. ಅಂಥದೊಂದು ಮೂಟೆಯಲ್ಲಿ ಅಕ್ಕನಿಗೆ ಹನ್ನೊಂದು ಪುಸ್ತಕ ಸಿಕ್ಕವು. ಎಲ್ಲಾ ಒಂದೇ ಸರಣಿ. ಎಲ್ಲೋ ಹಿಮ ಬೀಳುವ ದೇಶದ ಪುಟ್ಟ ಊರು, ಅಲ್ಲಿ ನಾಲ್ಕೈದು ಜನ ಗೆಳತಿಯರು, ಅವರು ಸೇರಿ ಮಾಡಿದ ಒಂದು ಸಂಘ. ಒಬ್ಬಳ ಕೋಣೆಯಲ್ಲಿ ಫೋನು. ವಾರದಲ್ಲಿ ಇಂತಿಂಥ ದಿನ ಇಷ್ಟು ಗಂಟೆಗೆ ಊರಿನ ತಾಯಂದಿರು ಫೋನು ಮಾಡಿ, ನಮ್ಮ ಮಗು ನೋಡ್ಕೊಳ್ಳಿ ಅಂತ ಕೇಳುತ್ತಾರೆ. ಇವರಲ್ಲಿ ಯಾರಿಗೆ ಬಿಡುವೋ ಅವರು ಹೋಗುತ್ತಾರೆ. ನಡುನಡುವೆ ಜಗಳ, ರಾಜಿ, ಕೇಕು.

ಅಕ್ಕನಿಗೂ ಆಪಾಗೂ ಆಗ ಹನ್ನೆರಡು. ಓದಿ ಮುಗಿಸಿದ ವಾರವೇ ನಮ್ಮ ಬೀದಿಯಲ್ಲೂ ಸಂಘ ಸ್ಥಾಪನೆಯಾಯಿತು. ಸದಸ್ಯರು ಇಬ್ಬರೇ. ಮೊದಲನೇ ಗಿರಾಕಿ ಆರು ವರ್ಷದ ನಾನು. ಎರಡನೆಯವಳು ಆಪಾಳ ತಂಗಿ, ಒಂದೂವರೆ ವರ್ಷದ ಛೋಟಿ. ಫೋನು ಅಪ್ಪನ ಜೇಬಿನಲ್ಲಿರುತ್ತಿತ್ತು, ಅದಕ್ಕೆ ಬೇರೆ ವ್ಯವಸ್ಥೆ ಆಯಿತು. ಆಪಾಳ ಮನೆ ಹಿಂದೆ ರೇಷ್ಮೆ ಬಿಚ್ಚುವ ಶೆಡ್ಡು. ಅವರ ಅಮ್ಮಿ ದಿನವೆಲ್ಲ ಬಿಸಿನೀರಿನ ಬೇಸಿನ್ನಿನ ಮುಂದೆ. ಬೆಂದ ಗೂಡಿನಿಂದ ಎಳೆ ಹಿಡಿದು ಚರಕಕ್ಕೆ ಕೊಡುವ ಕೆಲಸ, ಕೈ ತೆಗೆದರೆ ಎಳೆ ತುಂಡಾಗುತ್ತದೆ. ಹಾಗಾಗಿ ಅವರು ಯಾವುದಕ್ಕೂ ಎದ್ದು ಬರುತ್ತಿರಲಿಲ್ಲ. ಕೈ ನೀರಲ್ಲಿ, ದನಿ ಬೀದಿಯಲ್ಲಿ. "ಛೋಟೀನ ಕಳ್ಸಮ್ಮಾ, ಜಲ್ದೀ" ಅಂತ ಒಳಗಿಂದ ಕೂಗು ಬಂತೆಂದರೆ ಅಲ್ಲಿ ನೀರು ಇಳಿಸಿಯಾಯಿತು, ಕೆಲಸ ಮುಗಿಯಿತು ಅಂತ ಅರ್ಥ. ಆಗ ಮಗುವನ್ನು ಚರಂಡಿ ದಾಟಿಸಿ, ಅವರ ಹೊಸ್ತಿಲ ಒಳಗೆ ಬಿಟ್ಟು, ಬೆನ್ನು ತಟ್ಟಿ ವಾಪಸ್ಸು ಬರುವುದು. ಆ ಕೂಗು ಬರುವ ತನಕ ಏನೇ ಆಗಲಿ ಕಳಿಸುವಂತಿಲ್ಲ. ಇಡೀ ಸಂಘ ನಿಂತಿದ್ದು ಆ ಒಂದು ದನಿಯ ಮೇಲೆ.

ಆ ದನಿ ನನಗೆ ಬರುತ್ತಿತ್ತು.

ಇಲ್ಲಿಂದ ಮುಂದೆ ನನ್ನ ನೆನಪು ಕೆಟ್ಟ ಸೌಂಡ್ ಸಿಸ್ಟಮ್ಮಿನ ಹಾಗೆ, ಒಂದು ಬಾಕ್ಸಿನಲ್ಲಿ ಒಂದು ಕೇಳಿದರೆ ಇನ್ನೊಂದರಲ್ಲಿ ಇನ್ನೊಂದು. ಒಂದು ಮಧ್ಯಾಹ್ನ, ಆಪಾ ಅಂಗಡಿಗೆ ಹೋಗಿದ್ದಾಗ, ಛೋಟಿ ಶೆಡ್ಡಿನೊಳಗೆ ಹೋಗಿ ಬೇಸಿನ್ನಿಗೆ ಕೈ ಹಾಕಿದಳು. ಇದು ಖಂಡಿತ. ಮಣಿಕಟ್ಟಿನ ಹತ್ತಿರ ಸುಟ್ಟಿತು, ತಿಂಗಳಲ್ಲಿ ವಾಸಿಯಾಯಿತು, ಒಂದು ಕಲೆ ಉಳಿಯಿತು. ಅಮ್ಮಿ ಕರೆದರು, ನಾನು ಬಿಟ್ಟೆ ಅಂದಳು ಅಕ್ಕ. ನಾನು ಕರೆಯಲೇ ಇಲ್ಲ ಅಂದರು ಅಮ್ಮಿ. ಹಾಗಾದರೆ ನಿಮ್ಮಮ್ಮೀನೇ ಸುಳ್ಳು ಹೇಳ್ತಿದಾರೆ ಅಂತ ಅಕ್ಕ ಆಪಾಗೆ ಹೇಳಿದಳು. ಅಲ್ಲಿಗೆ ಸಂಘ ಬರಖಾಸ್ತು. ಇಷ್ಟೂ ಬೀದಿಗೇ ಗೊತ್ತು.

ಗೊತ್ತಿಲ್ಲದ್ದು, ರದ್ದಿ ಮೂಟೆಗಳ ಹಿಂದೆ ಕೂತು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಅಮ್ಮಿಯ ದನಿಯಲ್ಲಿ ತಮಾಷೆಗೆ ಕೂಗಿದ ಒಬ್ಬ ಹುಡುಗ. ಆ ಹುಡುಗ ನನಗೆ ನೆನಪಿದ್ದಾನೆ. ಆದರೆ ನನಗೆ ನೆನಪಿರುವ ಹುಡುಗನ ಮುಖದ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಂದು ಚುಕ್ಕೆಗಳಿವೆ. ಅವನು ಪುಸ್ತಕದವನು. ಗೆಳತಿಯರಲ್ಲಿ ಒಬ್ಬಳ ತಮ್ಮ. ಇನ್ನೊಬ್ಬಳ ತಾಯಿಯ ದನಿ ತೆಗೆದು ಫೋನಿನಲ್ಲಿ ಮಾತಾಡಿ, ಗೆಳತಿಯರ ನಡುವೆ ತಂದಿಡುತ್ತಾನೆ. ಕೊನೆಗೆ ತಾನೇ ಹೋಗಿ ಒಪ್ಪಿಕೊಳ್ಳುತ್ತಾನೆ, ಎಲ್ಲರೂ ಕೇಕು ತಿನ್ನುತ್ತಾರೆ. ನನಗೆ ಆಗ ಇಂಗ್ಲಿಷ್ ಬರುತ್ತಿರಲಿಲ್ಲ. ಅಕ್ಕ ಚಾಪೆ ಮೇಲೆ ಪಕ್ಕದಲ್ಲಿ ಮಲಗಿ ಕನ್ನಡ ಮಾಡಿ ಓದುತ್ತಿದ್ದಳು. ಹಾಗಾಗಿ ಹದಿನೆಂಟು ವರ್ಷದಿಂದ ನಾನು ನನಗೆ ಹೇಳಿಕೊಂಡು ಬಂದದ್ದು ಇಷ್ಟು: ಕತೆ ಕೇಳಿ ಕೇಳಿ ನಿನ್ನ ತಲೆ ಕಲಸಿದೆ, ಕೂಗಿದ್ದು ಅವನು, ನೀನು ಪಾಪದವನು. ಎಂಥ ಅನುಕೂಲದ ಗೊಂದಲ ನೋಡಿ. ಬೇರೆಯವರಿಗೆ ವಕೀಲ ಬೇಕು, ನನಗೆ ಎಳ್ಳುಮುಖದ ಪರದೇಶಿ ಸಾಕಾಗಿದ್ದ.

ನೀಲಿ ಕೋಟು ಪೆಟ್ಟಿಗೆಗೆ ಹೋದ ಮಾರನೆ ದಿನ ಅಟ್ಟದಿಂದ ಆ ಹನ್ನೊಂದು ಪುಸ್ತಕ ಇಳಿಸಿದೆ. ಆ ಅಧ್ಯಾಯ ಸಿಕ್ಕರೆ ನಾನು ಬಚಾವು. ಮಗುವಿಗೆ ರಾಗಿ ಸರಿ ತಿನ್ನಿಸುತ್ತಾ ಓದಿದೆ, ತೂಗುತ್ತಾ ಓದಿದೆ. ಮೊದಲು ಬಂದದ್ದು ನಗು. ಸ್ವೆಟರು ಹಾಕಿಕೊಂಡು ಸಭೆ ನಡೆಸುವ ಹುಡುಗಿಯರು. ಮಗುವಿಗೆ ಭೇದಿಯಾದ ಒಂದೇ ಒಂದು ಪುಟ ಇಲ್ಲ. ಇವರು ಎಂಥ ಮಕ್ಕಳನ್ನು ನೋಡಿಕೊಂಡರೋ! ಆಮೇಲೆ ಗಲಿಬಿಲಿ. ನನಗೆ ಚೆನ್ನಾಗಿ ನೆನಪಿದ್ದ ಕೆಲವು ಘಟನೆಗಳೇ ಇಲ್ಲ. ಗೆಳತಿಯರು ಹುರುಳಿ ಬಸ್ಸಾರು ಮಾಡುವ ಅಧ್ಯಾಯ ಎಲ್ಲಿ? ಹೊಂಗನೂರು ಬಸ್ಸು ತಪ್ಪಿಸಿಕೊಂಡು ಅಳುವ ಹುಡುಗಿ ಎಲ್ಲಿ? ಅದು ಪುಸ್ತಕದಲ್ಲಿ ಇರಲು ಸಾಧ್ಯವಿಲ್ಲ ಅಂತ ನನಗೆ ಹೊಳೆದದ್ದೇ ಅವತ್ತು.

ಎಳ್ಳುಮುಖದವನು ಹತ್ತು ಪುಸ್ತಕದಲ್ಲಿ ಸಿಗಲಿಲ್ಲ. ಹನ್ನೊಂದನೆಯದರಲ್ಲಿ ನಡುವೆ ಇಪ್ಪತ್ತು ಹಾಳೆ ಇರಲಿಲ್ಲ. ಅಕ್ಕನ ಕೈಗೆ ಸಿಗುವ ಮೊದಲೇ ಹರಿದು ಯಾವುದೋ ಮರದ ಆನೆ ಕುದುರೆಗಳನ್ನು ಸುತ್ತಿಕೊಂಡು ಹೋಗಿದ್ದವು. ಅಲ್ಲೇ ಇದ್ದಾನೆ ಮಗ ಅಂದುಕೊಂಡೆ. ಫೋನಿನಲ್ಲಿ ಹುಡುಕಿ ಅದೇ ಪುಸ್ತಕದ ಹಳೇ ಪ್ರತಿ ತರಿಸಿದೆ. ನಾಲ್ಕು ದಿನಕ್ಕೆ ಬಂತು. ಆ ಇಪ್ಪತ್ತು ಹಾಳೆಯಲ್ಲಿ ಇದ್ದದ್ದು ಒಂದು ಹುಟ್ಟುಹಬ್ಬ, ಕಾಣೆಯಾದ ಬೆಕ್ಕು, ಸಿಕ್ಕ ಬೆಕ್ಕು.

ಭಾನುವಾರ ಅಕ್ಕ ಮಗುವಿನ ಬಟ್ಟೆ ಮಡಿಸುತ್ತಿದ್ದಳು. ಏನೂ ಗೊತ್ತಿಲ್ಲದವನ ಹಾಗೆ, ಆ ಮಿಮಿಕ್ರಿ ಹುಡುಗ ಯಾವ ನಂಬರಿನ ಪುಸ್ತಕದಲ್ಲಿ ಬರ್ತಾನೆ ಅಂತ ಕೇಳಿದೆ. ಯಾವ ಹುಡುಗ ಅಂದಳು. ಕಂದು ಚುಕ್ಕೆ, ಫೋನು, ತಾಯಿ ದನಿ ಅಂತ ವಿವರಿಸಿದೆ. ಅವಳ ಕೈ ನಿಂತಿತು.

"ಅವ್ನು ಪುಸ್ತಕದಲ್ಲಿಲ್ಲ ಕಣೋ. ನಾನೇ ಕಟ್ಟಿದ್ದು," ಅಂದಳು. "ಕೂಗಿದ್ದು ನೀನೇ ಅಂತ ಆಮೇಲೆ ಹೊಳೀತು, ನೀನು ಬಾಯ್ಬುಡ್ತೀಯೇನೋ ಅಂತ ಮೂರ್ ಸಲ ಓದ್ದೆ. ಮೂರ್ ಸಲಾನೂ ನಿದ್ದೆ ಹೊಡ್ದೆ."

ಗೊತ್ತಿದ್ದೂ ಆಪಾಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಮೊದಮೊದಲು ಅಪ್ಪ ನಿನ್ನ ಚರ್ಮ ಸುಲಿತಾರೆ ಅಂತ ಹೇಳಲಿಲ್ಲವಂತೆ. ಆಮೇಲೆ, ನೀನೇ ಹೇಳಲಿ ಅಂತ. ಅದಕ್ಕೂ ಆಮೇಲೆ, ಇಷ್ಟು ದಿನ ಗೊತ್ತಿದ್ದೂ ಅವರಮ್ಮೀನ ಸುಳ್ಳಿಯಾಗೇ ಯಾಕೆ ಉಳಿಸ್ದೆ ಅಂದರೆ ಏನು ಹೇಳುವುದು ಅಂತ. ಹೇಳಿ ಮುಗಿಸಿ ಮತ್ತೆ ಬಟ್ಟೆ ಮಡಿಸತೊಡಗಿದಳು. ಇವಳು ನನ್ನನ್ನು ಕಾಪಾಡಿದಳೋ, ಹದಿನೆಂಟು ವರ್ಷ ಕಾದು ಕೂತು ನನ್ನ ಪರೀಕ್ಷೆ ಮಾಡಿದಳೋ, ಇವತ್ತಿಗೂ ತಿಳಿಯದು.

ಮಗುವನ್ನು ಎತ್ತಿಕೊಂಡು ಚರಂಡಿ ದಾಟಿದೆ. ಕೈಯಲ್ಲಿ ಒಬ್ಬಟ್ಟಿಲ್ಲದೆ ದಾಟಿದ್ದು ಅದೇ ಮೊದಲು. ಆಪಾ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಭಾನುವಾರ, ಮಕ್ಕಳಿರಲಿಲ್ಲ. ಇವತ್ತು ಯಾರ ದನಿ ತಂದಿದ್ದೀಯೋ ಅಂತ ಕೇಳಿದಳು. ನಂದೇ ಅಂದೆ. ಅದು ಹೆಂಗಿರುತ್ತೆ, ನಾನು ಕೇಳೇ ಇಲ್ಲ ಅಂದಳು. ಅವಳೂ ಕಡಿಮೆಯವಳಲ್ಲ.

ಹೇಳಿದೆ. ತಪ್ಪುತಪ್ಪಾಗಿ, ಹಿಂದಿನದು ಮುಂದು ಮಾಡಿ, ಎಳ್ಳುಮುಖದವನನ್ನೂ ಸೇರಿಸಿ ಹೇಳಿದೆ. ಆಪಾ ನಂಬಲಿಲ್ಲ. ನಿಮ್ಮಕ್ಕ ಮಗೂನ ಬಿಡೋಕೆ ಕತೆ ಕಟ್ಟಿ ಕಳಿಸಿದಾಳೆ ಅಂದಳು. ಆರು ವರ್ಷದ ಹುಡುಗನಿಗೆ ನಮ್ಮಮ್ಮಿ ದನಿ ಹೆಂಗೆ ಬರುತ್ತೆ ಅಂದಳು. ಅವರಮ್ಮಿ ತೀರಿಕೊಂಡು ಎರಡು ವರ್ಷವಾಗಿತ್ತು. ಊರಿನ ಎಲ್ಲರ ದನಿಯನ್ನೂ ತೆಗೆದು ಕಾಸು ಮಾಡಿದವನು ನಾನು, ಅದೊಂದನ್ನು ಮಾತ್ರ ಆ ಮಧ್ಯಾಹ್ನದ ಮೇಲೆ ಮುಟ್ಟಿರಲಿಲ್ಲ. ಬರುತ್ತದೋ ಇಲ್ಲವೋ ಎಂದು ನನಗೂ ಅನುಮಾನ. ಬಾಯಿಗೆ ಕೈ ಅಡ್ಡ ಇಟ್ಟೆ.

"ಛೋಟೀನ ಕಳ್ಸಮ್ಮಾ, ಜಲ್ದೀ."

ಮೊರದ ಮೇಲೆ ಆಡುತ್ತಿದ್ದ ಆಪಾಳ ಬೆರಳು ನಿಂತವು. ಬೈಯುತ್ತಾಳೋ ಅಳುತ್ತಾಳೋ ಹೇಳಲಾಗದ ಮುಖ. ಇನ್ನೊಂದ್ ಸಲ ಅಂದಳು. ಇನ್ನೊಂದು ಸಲ ಕೂಗಿದೆ. ಮಗು ನನ್ನ ಬಾಯಿಯನ್ನೇ ನೋಡುತ್ತಿತ್ತು.

"ಅಮ್ಮಿ ಕೊನೇವರ್ಗೂ, ನಾನು ಕರೀಲಿಲ್ಲ ಬೇಟಿ, ಅಂತಿದ್ರು," ಅಂದಳು. "ನಾನು ನಂಬ್ಲಿಲ್ಲ. ನಿಮ್ಮಕ್ಕ ಸುಳ್ಳು ಹೇಳಲ್ಲ ಅಂತ ನಂಗೊತ್ತಿತ್ತು."

ಇದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅಕ್ಕನನ್ನು ನಂಬಿದ್ದಕ್ಕೇ ಅವಳು ಅಕ್ಕನ ಜೊತೆ ಮಾತು ಬಿಟ್ಟಿದ್ದಳು. ಮಾತಾಡಿದರೆ ತಾಯಿ ಸುಳ್ಳಿ ಅಂತ ಒಪ್ಪಬೇಕಿತ್ತು. ಅದನ್ನು ಯಾರ ಮುಂದೆಯೂ ಒಪ್ಪದೆ, ಮನಸ್ಸಿನೊಳಗೆ ಮಾತ್ರ ಒಪ್ಪಿಕೊಂಡು, ಆ ತಾಯಿಗೆ ಕೊನೆಯತನಕ ಗಂಜಿ ಕುಡಿಸಿದ್ದಳು. ನಾನು ಮುರಿದದ್ದು ಇಬ್ಬರು ಗೆಳತಿಯರ ಸ್ನೇಹ ಅಂದುಕೊಂಡು ಬಂದಿದ್ದೆ. ಲೆಕ್ಕಕ್ಕೆ ಸಿಗದ ಇನ್ನೊಂದು ಒಳಗೇ ಮುರಿದಿತ್ತು. ಕೇಕು ತಿನ್ನುವ ಅಧ್ಯಾಯದಲ್ಲಿ ಅಕ್ಕ ಇದನ್ನು ಸೇರಿಸಿರಲಿಲ್ಲ.

ತಪ್ಪಾಯ್ತು ಅಂದೆ. ಆಪಾ ಮೊರ ಪಕ್ಕಕ್ಕಿಟ್ಟು, ಮಗುವಿಗೆ ಕೈ ಚಾಚಿದಳು. ಕಂಡವರನ್ನು ಕಂಡರೆ ಕಿರುಚುವ ನಮ್ಮ ಮಗು, ಎರಡು ತಿಂಗಳು ಹೊತ್ತ ಮಾವನನ್ನು ತಿರುಗಿಯೂ ನೋಡದೆ ಹೋಯಿತು.

"ಏನ್ ತಿನ್ನುತ್ತೆ?" ಅಂದಳು.

ರಾಗಿ ಸರಿ, ಬಾಳೆಹಣ್ಣು ಅಂದೆ. ಸರಿ, ನೀನು ಹೋಗು ಅಂದಳು. ಚರಂಡಿ ದಾಟುವಾಗ ಹಿಂದಿನಿಂದ ಮತ್ತೆ ಹೇಳಿದಳು: "ವಾಪಸ್ ತಗೊಂಡೋಗೋಕೆ ನಿಮ್ಮಕ್ಕ ಬರ್ಬೇಕು. ಕೂಗಿದ್ರೆ ಕೊಡಲ್ಲ. ಇಲ್ಲಿ ಯಾರ್ ಕೂಗಿದ್ರೂ ಮಗೂನ ಕೊಡೋದಿಲ್ಲ, ಒಳಗ್ ಬಂದು ಎತ್ಕೊಂಡೋಗ್ಬೇಕು. ಎಲ್ಲಾರ್ಗೂ ಅದೇ ರೂಲು."

ಅದು ಅವಳು ಈಗ ಮಾಡಿದ ನಿಯಮವೋ, ಮಕ್ಕಳನ್ನು ನೋಡಿಕೊಳ್ಳಲು ಶುರುಮಾಡಿದ ದಿನದಿಂದಲೂ ಇದ್ದದ್ದೋ ನಾನು ಕೇಳಲಿಲ್ಲ. ಮನೆಗೆ ಬಂದು ಅಕ್ಕನಿಗೆ ಒಪ್ಪಿಸಿದೆ. ಮಗು ಎಲ್ಲೋ ಅಂದಳು. ಅಲ್ಲಿ ಅಂದೆ, ನೀನೇ ಹೋಗಿ ತರಬೇಕಂತೆ. ಅಕ್ಕ ನನ್ನ ಮುಖ ನೋಡಿದಳು, ಎದುರು ಬಾಗಿಲು ನೋಡಿದಳು, ಮಡಿಸಿದ್ದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸಿದಳು. ಕೊನೆಗೆ ಸೀರೆ ಸೆರಗು ಸಿಕ್ಕಿಸಿ, ಚರಂಡಿ ದಾಟಿ, ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತು, ಒಳಗೆ ಹೋದಳು.

ಮಗು ಎತ್ತಿಕೊಂಡು ಬರಲು ಎಷ್ಟು ಹೊತ್ತು ಬೇಕು? ಸೂರ್ಯ ಅವರ ಹೆಂಚಿನ ಹಿಂದೆ ಇಳಿದ. ಒಳಗಿಂದ ಒಮ್ಮೆ ಏರಿದ ದನಿ ಕೇಳಿತು, ಆಮೇಲೆ ಪಾತ್ರೆ ಸದ್ದು, ಆಮೇಲೆ ಏನೋ ತಗ್ಗಿದ ದನಿ. ಅಲ್ಲೇನು ನಡೀತಿದೆಯೋ ಅಂತ ಅಮ್ಮ ಒಳಗಿನಿಂದ ಕೇಳಿದಳು. ಊರಿನ ಅರ್ಧ ಜನರ ದನಿ ಬಲ್ಲ ನಾನು ಕಿವಿಗೊಟ್ಟು ಕೂತೆ, ಅಳುವೋ ನಗುವೋ, ಅಕ್ಕನದೋ ಆಪಾಳದೋ ತಿಳಿಯಲಿಲ್ಲ. ಗೊತ್ತಿಲ್ಲ ಕಣಮ್ಮ ಅಂದೆ.

ಸೋಮವಾರ ಬೆಳಿಗ್ಗೆ ಪೆಟ್ಟಿಗೆಯ ತಳದ ನೀಲಿ ಕೋಟು ಮೇಲೆ ಬಂದಿತ್ತು. ಅಕ್ಕ ಮಗುವನ್ನು ಎತ್ತಿಕೊಂಡು ಚರಂಡಿ ದಾಟಿ ಹೋದಳು, ಬರಿಗೈಲಿ ವ್ಯಾನಿನ ಕಡೆ ನಡೆದಳು. ಹಾಲಿನವನು ಬಂದು ಗಾಡಿ ನಿಲ್ಲಿಸಿ, ನನ್ನ ಖಾಲಿ ಹೆಗಲು ನೋಡಿ, ಕೆಲ್ಸ ಹೋಯ್ತೇನ್ಲಾ ಅಂದ. ಅವನ ದನಿಯಲ್ಲೇ ಏನಾದರೂ ಬಿಡೋಣವೆಂದು ಬಾಯಿ ತೆರೆದೆ. ಎದುರು ಮನೆಯ ಕಿಟಕಿ ತೆರೆದಿತ್ತು. ಒಳಗೆ ಮಕ್ಕಳಿದ್ದರು. ಹ್ಞೂಂ ಕಣಣ್ಣ ಅಂತ ನನ್ನ ದನಿಯಲ್ಲೇ ಹೇಳಿ, ಹಾಲು ಹಾಕಿಸಿಕೊಂಡೆ.