ಕೌದಿ ಹೊದ್ದ ಲ್ಯಾಪ್‌ಟಾಪ್

ನನ್ನ ಲ್ಯಾಪ್‌ಟಾಪಿಗೆ ಒಂದು ಕೆಟ್ಟ ಚಾಳಿಯಿತ್ತು. ನಾನೊಬ್ಬಳೇ ಕುಳಿತಾಗ ಮಾತ್ರ ಕೆಡುತ್ತಿತ್ತು. ಬ್ಯಾಡಗಿಯ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ನಾನು ಮದುವೆ ಆಲ್ಬಮ್‌ಗಳ ಪುಟ ಜೋಡಿಸುತ್ತೇನೆ. ಹಾವೇರಿ, ಗುತ್ತಲದ ಕಡೆಯ ಫೋಟೋಗ್ರಾಫರುಗಳು ಚಿತ್ರ ಕಳಿಸುತ್ತಾರೆ. ಮಧ್ಯಾಹ್ನ ಯಂತ್ರ ಚೆನ್ನಾಗಿ ಕಾಯ್ದ ಮೇಲೆ ಮದುಮಗಳ ಮುಖದ ಮೇಲೆ ಹಸಿರು ಗೆರೆಗಳು ಅಡ್ಡಡ್ಡ ಹಾಯುತ್ತಿದ್ದವು. ಕೆಳಗಿನ ಬೀಜದ ಅಂಗಡಿಯಲ್ಲಿದ್ದ ಗಂಡನನ್ನು ಕೂಗಿದರೆ, ಅವರು ಗೊಣಗುತ್ತ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಯಂತ್ರ ತುಸು ಆರಿ, ಮದುಮಗಳು ಲಕ್ಷಣವಾಗಿ ನಗುತ್ತ ಕೂತಿರುತ್ತಿದ್ದಳು.

ವಾರಂಟಿ ಇತ್ತಲ್ಲ ಎಂದು ರಾಣೆಬೆನ್ನೂರಿನ ಸರ್ವಿಸ್ ಸೆಂಟರಿಗೆ ಎರಡು ಸಲ ಹೊತ್ತುಕೊಂಡು ಹೋಗಿದ್ದೆ. ಮೊದಲ ಸಲ ಸ್ಕ್ರೀನಿನ ಕೇಬಲ್ ಬದಲಿಸಿಕೊಟ್ಟರು. ಗೆರೆ ಮತ್ತೆ ಬಂದವು. ಎರಡನೇ ಸಲ ವಾರಗಟ್ಟಲೆ ಇಟ್ಟುಕೊಂಡು, ದೋಷ ಕಂಡುಬಂದಿಲ್ಲ ಎಂದು ಹಿಂದಿರುಗಿಸಿದರು. ಅವರ ಏಸಿ ಕೋಣೆಯಲ್ಲಿ ಅದು ಬಿಸಿಯಾದರೆ ತಾನೆ ದೋಷ ಕಾಣುವುದು? ಫೋನಿನಲ್ಲಿ ವಿಡಿಯೊ ಹಿಡಿದು ತೋರಿಸಿದೆ. ಯಾವ ಸ್ಕ್ರೀನನ್ನು ಫೋನಿನಲ್ಲಿ ಹಿಡಿದರೂ ಗೆರೆ ಬರುತ್ತವೆ, ಅದು ಲೆಕ್ಕಕ್ಕಿಲ್ಲ ಎಂದರು. ಗಂಡನೂ ಅದನ್ನೇ ಅಂದರು.

ಮಾತು ಅಲ್ಲಿಗೇ ನಿಂತಿದ್ದರೆ ನಾನು ನಾಲ್ಕು ದಿನ ಮುಖ ಊದಿಸಿಕೊಂಡು ಸುಮ್ಮನಾಗುತ್ತಿದ್ದೆ. ಅವರು ಊಟದ ತಾಟಿನಿಂದ ತಲೆ ಎತ್ತದೆ ಇನ್ನೊಂದು ಮಾತು ಸೇರಿಸಿದರು.

“ನಿನ್ನ ಕಣ್ಣಿಗೇ ಏನರ ಆಗಿರಬೇಕು ನೋಡು. ನಿಮ್ಮವ್ವಗೂ ಹಿಂಗ ಸುರು ಆಗಿತ್ತಲ್ಲ?”

ನನ್ನವ್ವ ಮೋಟೆಬೆನ್ನೂರಿನಲ್ಲಿ ಹಳೆ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದಳು. ಕಡೆಯ ಕೌದಿ ಹೊಲಿಯುವಾಗ, ದಾರ ನಡುವೆ ಹರಿದಂತೆ ಕಾಣುತ್ತದೆ ಎಂದು ಪದೇ ಪದೇ ಹೇಳುತ್ತಿದ್ದಳು. ದಾರ ಗಟ್ಟಿಯಾಗೇ ಇರುತ್ತಿತ್ತು. ಬೆಳಕು ಸಾಲದೇನೋ ಎಂದು ನಾವು ದೊಡ್ಡ ಬಲ್ಬು ಹಾಕಿಸಿದೆವು. ಕೆಟ್ಟದ್ದು ಅವಳ ಕಣ್ಣು ಎಂದು ತಿಳಿಯುವ ಹೊತ್ತಿಗೆ ಡಾಕ್ಟರಿಗೆ ಮಾಡಲು ಏನೂ ಉಳಿದಿರಲಿಲ್ಲ.

ನಾನು ನೇರ ಕಣ್ಣಿನ ಆಸ್ಪತ್ರೆಗೆ ಹೋಗಬಹುದಿತ್ತು. ಹೋಗಲಿಲ್ಲ, ಹೆದರಿದೆ. ಬಾಗಿಲ ಚೌಕಟ್ಟು, ಕರೆಂಟಿನ ತಂತಿ, ಹಾಲಿನ ಪಾಕೀಟಿನ ಅಕ್ಷರ, ಕಂಡದ್ದನ್ನೆಲ್ಲ ಒಂದೊಂದೇ ಕಣ್ಣು ಮುಚ್ಚಿ ನೋಡುವ ರೋಗ ಹತ್ತಿಕೊಂಡಿತು. ದಿಟ್ಟಿಸಿದಷ್ಟೂ ಕಣ್ಣಲ್ಲಿ ನೀರು ಬಂದು ಎಲ್ಲ ಮಂಜಾಗುತ್ತಿತ್ತು, ಅದಕ್ಕೂ ಎದೆ ಹೊಡೆದುಕೊಳ್ಳುತ್ತಿತ್ತು. ಗೆರೆ ಇರುವುದು ಯಂತ್ರದಲ್ಲಿ ಎಂದು ಬೇರೆ ಯಾರದಾದರೂ ಕಣ್ಣು ಹೇಳಿಬಿಟ್ಟರೆ ಸಾಕಿತ್ತು. ವಾರಂಟಿಯೂ ಅದೇ ವಾರ ಮುಗಿಯುವುದಿತ್ತು. ಆಮೇಲೆ ಸೆಂಟರಿನವರು ನನ್ನತ್ತ ತಿರುಗಿ ನೋಡುವುದೂ ಅನುಮಾನ.

ಹಾಗಾಗಿ ಒಂದು ಹುಚ್ಚು ಉಪಾಯ ಮಾಡಿದೆ. ಮುಚ್ಚಿದರೂ ಆರದಂತೆ ಲ್ಯಾಪ್‌ಟಾಪನ್ನು ಚಾಲೂ ಇಟ್ಟು, ಅವ್ವನ ಆ ಕೊನೆಯ ಕೌದಿಯಲ್ಲಿ ಸುತ್ತಿ, ಎದೆಗವಚಿಕೊಂಡು ಬಸ್ಸು ಹತ್ತಿದೆ. ಬಿಸಿ ಆರುವ ಮೊದಲು ರಾಣೆಬೆನ್ನೂರು ಮುಟ್ಟಬೇಕಿತ್ತು. ಕಂಡಕ್ಟರ್ ನನ್ನ ಗಂಟು ನೋಡಿ ಯಾರನ್ನೋ ಎಬ್ಬಿಸಿ ಸೀಟು ಕೊಡಿಸಿದ. ಪಕ್ಕದ ಅಜ್ಜಿ ಕೌದಿಯ ಮೇಲೆ ಕೈಯಿಟ್ಟು ಗಾಬರಿಯಾದಳು.

“ಮೈ ಸುಡಾಕತ್ತೈತಲ್ಲ ಯವ್ವಾ. ಲಗೂ ತೋರಸು.”

ತೋರಿಸಲಿಕ್ಕೇ ಹೊರಟಿದ್ದೇನೆ ಎಂದೆ, ಅದರಲ್ಲಿ ಸುಳ್ಳೇನಿರಲಿಲ್ಲ. ಮೋಟೆಬೆನ್ನೂರಿನಲ್ಲಿ ಇಳಿಯುವ ಮುಂಚೆ ಆಕೆ ಗಂಟಿನಲ್ಲಿ ಮಗುವಿನ ತಲೆ ಇರಬಹುದಾದ ಕಡೆ ಮೆಲ್ಲಗೆ ಸವರಿ ಹೋದಳು. ನಗು ಬರಬೇಕಿತ್ತು, ಬರಲಿಲ್ಲ.

ಸೆಂಟರಿನಲ್ಲಿ ಸರದಿ ಉದ್ದವಿತ್ತು, ಏಸಿ ಜೋರಿತ್ತು. ಕೌದಿಯೊಳಗೆ ಮತ್ತೆ ಮತ್ತೆ ಕೈ ತೂರಿಸಿ ನೋಡುತ್ತ ಕೂತೆ. ನನ್ನ ಸರದಿ ಬಂದು ರಿಪೇರಿಯವನು ತೆರೆದಾಗ ಸ್ಕ್ರೀನು ತಿಳಿಯಾಗಿತ್ತು. ಎಲ್ಲ ಸರಿ ಇದೆಯಲ್ಲ ಎಂದ. ಕೌದಿಯ ಮೇಲೇ ಇಟ್ಟುಕೊಂಡು ಈ ಆಲ್ಬಮಿನ ಪುಟ ತಿರುಗಿಸುತ್ತಿರಿ, ನಾನು ಎದ್ದು ಹೋಗುವವಳಲ್ಲ ಎಂದು ಹಟ ಹಿಡಿದೆ. ಜಗಳ ಬೇಡವೆಂದೋ ಏನೋ, ಅವನು ತಿರುಗಿಸತೊಡಗಿದ. ನಾನು ಗೋಡೆಯ ಕಡೆ ಮುಖ ಮಾಡಿ ಕೂತೆ. ಬಹಳ ಹೊತ್ತಾಯಿತು. ತಡೆಯಲಾಗದೆ ಒಮ್ಮೆ ಹೊರಳಿ ನೋಡಿದರೆ ಗೆರೆ ಬಂದಿದ್ದವು, ಹಸಿರು, ಢಾಳಾಗಿ. ಅವನು ಏನೂ ಕಾಣದವನಂತೆ ಪುಟ ತಿರುಗಿಸುತ್ತಲೇ ಇದ್ದ.

ಹಾಗಾದರೆ ಗೆರೆ ನನ್ನ ಕಣ್ಣಲ್ಲೇ ಇದ್ದಾವೆ ಎಂದುಕೊಂಡೆ. ಅವನು ಇನ್ನೊಂದು ಪುಟ ತಿರುಗಿಸಿದ, ಮತ್ತೊಂದು. ಆಮೇಲೆ ಸ್ಕ್ರೀನಿನ ಹತ್ತಿರ ಬಗ್ಗಿದ.

“ಗೆರಿ ಬಂದಾವ್ರಿ ಮೇಡಂ.”

“ನಿಮಗೂ ಕಾಣ್ತಾವೇನ್ರಿ? ಯಾವ ಬಣ್ಣ?”

“ಹಸರು. ಮದಿಮಗಳ ಮೂಗಿನ ಮ್ಯಾಲೆ.”

ಕೌದಿಯ ಒಂದು ತುದಿ ಎಳೆದುಕೊಂಡು, ಅಷ್ಟು ಜನರ ಎದುರು ಅತ್ತುಬಿಟ್ಟೆ. ಅವನು ಪಾಪ, ನೀರಿನ ಬಾಟಲಿ ಮುಂದಿಟ್ಟು, ವಾರಂಟಿ ಇನ್ನೂ ಇದೆ, ಬೋರ್ಡೇ ಹೊಸದು ಹಾಕಿಕೊಡುತ್ತೇವೆ ಎಂದು ಸಮಾಧಾನ ಮಾಡುತ್ತಿದ್ದ. ನನ್ನ ಬೆರಳಿಗೆ ಕೌದಿಯ ಆ ಮೂಲೆ ಸಿಕ್ಕಿತ್ತು, ಅವ್ವನ ಹೊಲಿಗೆ ದಾರಿ ತಪ್ಪಿದ ಮೂಲೆ. ದಾರ ಹರಿದಿದೆಯೇ ನೋಡು ಎಂದು ಅವಳು ಕೇಳಿದಾಗಲೆಲ್ಲ ನಾವು ಇಲ್ಲ ಎಂದೇ ಹೇಳಿದ್ದೆವು. ಅದು ನಿಜವೂ ಆಗಿತ್ತು.